ಡೀಲಿಯಾ ಸ್ಯಾಟಿನ್ ಯಾರೆಂದು ಯಾರಿಗೂ ಗೊತ್ತಿರಲಿಲ್ಲ

ನಮ್ಮ ಲಿಟಲ್ ಜೋರ್ಡನ್ ಚರ್ಚಿನ ಸಭೆಯಲ್ಲಿ ಡೀಲಿಯಾ ಸ್ಯಾಟಿನ್ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಹದಿನಾರು ವರ್ಷ ಹೀಗೆ ಗೊತ್ತಿಲ್ಲದೆ ಇದ್ದೆವು. ಒಂದು ವಿಷಯವನ್ನು ಅಷ್ಟು ಕಾಲ ಗೊತ್ತಿಲ್ಲದೆ ಇಟ್ಟುಕೊಳ್ಳುವುದು ಒಬ್ಬರಿಂದ ಆಗುವ ಕೆಲಸವಲ್ಲ, ಇಡೀ ಊರು ಕೈಜೋಡಿಸಬೇಕು.

ನಾನು ಅಲೋಂಜೊ ಗ್ಯಾಡಿಸ್. ವಾರದ ಆರು ದಿನ ಬೀಸನ್ ಊರಿಗೆ ಅಂಚೆ ಹಂಚುತ್ತಿದ್ದೆ. ಏಳನೆಯ ದಿನ ಬಿಳಿ ಕೈಗವಸು ತೊಟ್ಟು ಚರ್ಚಿನ ಬಾಗಿಲಲ್ಲಿ ನಿಂತು ಬಂದವರನ್ನು ಬೆಂಚಿಗೆ ಕೂರಿಸುತ್ತಿದ್ದೆ. ಎರಡಕ್ಕೂ ಧರ್ಮ ಒಂದೇ. ಕೈಗೆ ಬಂದದ್ದನ್ನು ಬಿಚ್ಚಿ ನೋಡಬಾರದು, ಕಣ್ಣಿಗೆ ಬಿದ್ದದ್ದನ್ನು ಬಾಯಿಗೆ ತರಬಾರದು. ಈ ಧರ್ಮವನ್ನು ನಾನು ಒಂದು ಸಲ ಮುರಿದೆ. ಅದನ್ನೇ ಈಗ ಹೇಳಹೊರಟಿದ್ದೇನೆ.

ಓಝೆಲ್ಲಾ ಟಾರ್ಪ್ಲಿ ನಮ್ಮೂರ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ಅವಳ ಗಂಡ ಕ್ಲಿಯೋಥಾ ಅದೇ ಶಾಲೆಯ ಬಸ್ಸು ಓಡಿಸುತ್ತಿದ್ದ, ಸಭೆಯ ಹಿರಿಯರಲ್ಲಿ ಒಬ್ಬ, ಮಾತಿಗಿಂತ ಕೆಮ್ಮೇ ಹೆಚ್ಚು. ಭಾನುವಾರ ಬೆಳಿಗ್ಗೆ ಪಾದ್ರಿ ಏಳುವ ಮೊದಲು, ಪಿಯಾನೋ ಮುಚ್ಚಳ ತೆರೆಯುವ ಮೊದಲು, ನಮ್ಮಲ್ಲಿ ಹಳೆಯ ಕೀರ್ತನೆಯೊಂದನ್ನು ವಾದ್ಯವಿಲ್ಲದೆ ಎತ್ತುತ್ತಾರೆ. ಒಬ್ಬರು ಒಂದು ಸಾಲು ಹಿಡಿದರೆ ಉಳಿದವರು ನದಿ ಹರಿದ ಹಾಗೆ ನಿಧಾನವಾಗಿ ಹಿಂದೆ ಬರಬೇಕು. ಆ ಸಾಲು ಹಿಡಿಯುವವಳು ಓಝೆಲ್ಲಾ. ಮಾತು ಶುರುವಾಗುವ ಮುಂಚೆ ಅವಳ ಗಂಟಲಿನಿಂದ ಒಂದು ನರಳು ಹೊರಡುತ್ತಿತ್ತು, ಆಳದ ಬಾವಿಯಿಂದ ಕೊಡ ಮೇಲೆ ಬರುವ ಹಾಗೆ. ಅದು ಮೇಲೆ ಬಂದು ಮುಟ್ಟುವಷ್ಟರಲ್ಲಿ ಅರ್ಧ ಸಭೆ ಕಣ್ಣೊರೆಸಿಕೊಳ್ಳುತ್ತಿತ್ತು. ಅವಳಿಗೆ ಗಂಟಲು ಕಟ್ಟಿದ ಭಾನುವಾರ ದೇವರು ನಮ್ಮ ಕಡೆ ಬಂದದ್ದೇ ಇಲ್ಲ ಎಂದು ಹಳಬರು ಹೇಳುತ್ತಿದ್ದರು.

ಅರವತ್ತೇಳನೆಯ ಇಸವಿಯಿಂದ ಅವಳು ತಿಂಗಳಿಗೊಂದು ಶನಿವಾರ ಬಸ್ಸು ಹತ್ತಿ ಜಾಕ್ಸನ್ ಪಟ್ಟಣಕ್ಕೆ ಹೋಗತೊಡಗಿದಳು. ಚಿಕ್ಕಮ್ಮನಿಗೆ ಕಾಲುನೋವು, ನೋಡಿಕೊಂಡು ಬರುತ್ತೇನೆ ಎಂದಳು. ಆ ಚಿಕ್ಕಮ್ಮ ಸತ್ತು ಎರಡು ವರ್ಷವಾಗಿತ್ತು, ಮಣ್ಣು ಹಾಕಿ ಬಂದವರು ನಾವೇ. ಆದರೂ ಅವಳು ವಾಪಸ್ಸು ಬಂದಾಗ ಚಿಕ್ಕಮ್ಮನ ಕಾಲು ಹೇಗಿದೆ ಎಂದು ಕೇಳುತ್ತಿದ್ದೆವು. ಸ್ವಲ್ಪ ಪರವಾಗಿಲ್ಲ ಎನ್ನುತ್ತಿದ್ದಳು.

ಜಾಕ್ಸನ್ನಿನಲ್ಲಿ ಟೈರ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಹಾಸಿಗೆ ಹೊಡೆದು ಒಬ್ಬಾತ ರೆಕಾರ್ಡು ಮಾಡುತ್ತಿದ್ದ. ಹಾಡುವುದಾದರೆ ಹಾಡುತ್ತೇನೆ, ನನ್ನ ಹೆಸರೂ ಬೇಡ ಮುಖವೂ ಬೇಡ ಎಂದು ಓಝೆಲ್ಲಾ ಷರತ್ತು ಹಾಕಿದ್ದಳು. ಅವನು ತನ್ನ ಕೋಟಿನ ಒಳಬಟ್ಟೆ ನೋಡಿಕೊಂಡು ಡೀಲಿಯಾ ಸ್ಯಾಟಿನ್ ಎಂದು ಹೆಸರಿಟ್ಟ. ಐದು ವರ್ಷದಲ್ಲಿ ನಾಲ್ಕು ರೆಕಾರ್ಡು, ಎಂಟು ಹಾಡು. ಎಂಟೂ ಕದ್ದ ಪ್ರೀತಿಯವೇ. ಎಲ್ಲಕ್ಕಿಂತ ಹೆಚ್ಚು ಓಡಿದ್ದು 'ವಾರವೆಲ್ಲ ಅವಳ ಗಂಡ, ಶುಕ್ರವಾರ ನನ್ನವನು' ಎಂಬುದು. ನಮ್ಮ ಡೆಲ್ಟಾ ಸೀಮೆಯ ಎಲ್ಲ ಕುಡಿಯುವ ಕಟ್ಟೆಗಳಲ್ಲೂ ಅದನ್ನು ನುಡಿಸಿ ನುಡಿಸಿ ಸವೆಸಿದರು. ಹಾಡಿನ ಮೊದಲಿಗೆ ಒಂದು ನರಳು. ಬಾವಿ ಅದೇ, ಕೊಡವೂ ಅದೇ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತಂತೆ. ನಮ್ಮಲ್ಲಿ ಬೆಕ್ಕು ಸಮಾಧಾನವಾಗಿ ಕುಡಿಯಲಿ ಎಂದು ಮನೆಮಂದಿಯೆಲ್ಲ ಕಣ್ಣು ಮುಚ್ಚಿಕೊಂಡರು. ಅದಕ್ಕೆ ಕಾರಣ ಇತ್ತು. ಲೋಕದ ಹಾಡು ಹಾಡಿದವರನ್ನು ಸಭೆಯ ಮುಂದೆ ನಿಲ್ಲಿಸಿ ಮೂರು ತಿಂಗಳು ಮುಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರಿಸಬೇಕೆಂಬುದು ನಮ್ಮ ನಿಯಮ. ಆದರೆ ದೂರು ಕೊಡುವವನು ಎದ್ದು ನಿಂತು, ಆ ಹಾಡನ್ನು ನಾನು ಇಂಥ ಕಡೆ ಕೇಳಿದೆ ಎನ್ನಬೇಕಲ್ಲ! ಹಿರಿಯ ಹೋಸಿಯಾ ಕ್ರಂಪ್ ಹೇಳಲಾರ. ನಾನು ಹೇಳಲಾರೆ. ನಮ್ಮ ಮನೆಯಲ್ಲಿ ಆ ರೆಕಾರ್ಡು ದೇವರ ಹಾಡಿನ ಬೇರೊಂದು ಹೊದಿಕೆಯೊಳಗೆ ಪುಣ್ಯವಾಗಿ ಮಲಗಿತ್ತು. ನನ್ನ ಹೆಂಡತಿ ಐಡೆಲ್ಲಾ ಬಟ್ಟೆ ಇಸ್ತ್ರಿ ಮಾಡುವಾಗ ಹಾಕಿಕೊಳ್ಳುತ್ತಿದ್ದಳು. ನಾನು ಒಳಗೆ ಬಂದರೆ ತೆಗೆಯುತ್ತಿದ್ದಳು. ಅದಕ್ಕೇ ನಾನು ಹೊರಗಿನ ಜಗಲಿಯ ಮೇಲೆಯೇ ನಿಂತುಬಿಡುತ್ತಿದ್ದೆ.

ಹಾಡಿನಿಂದ ಊರಿಗೆ ಕೆಟ್ಟದ್ದೇನೂ ಆಗಲಿಲ್ಲ. ಆ ಶುಕ್ರವಾರದ ಗಂಡಸು ಯಾರು ಎಂದು ಪ್ರತಿ ಹೆಂಗಸಿಗೂ ಒಳಗೊಳಗೇ ಅನುಮಾನ. ಅದರಿಂದ ಶುಕ್ರವಾರ ಬೀಸನ್ನಿನ ಗಂಡಸರೆಲ್ಲ ಹೊತ್ತು ಮುಳುಗುವ ಮುಂಚೆ ಮನೆ ಸೇರುತ್ತಿದ್ದರು. ಯಾವ ಪಾದ್ರಿಯ ಉಪದೇಶವೂ ಇಷ್ಟು ಫಲ ಕೊಟ್ಟಿರಲಿಲ್ಲ. ಕ್ಲಿಯೋಥಾನನ್ನು ಕಂಡರೆ ಎಲ್ಲರಿಗೂ ಅಯ್ಯೋ ಪಾಪ. ಮನೆಮನೆಯಿಂದ ಅವನಿಗೆ ಗೆಣಸಿನ ಪೈ ಹೋಗುತ್ತಿತ್ತು. ಯಾಕೆ ಕಳಿಸುತ್ತಾರೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ, ತಿಂದು ತಿಂದು ದಪ್ಪಗಾದ.

ಎಂಬತ್ತೆರಡನೆಯ ಇಸವಿಯಲ್ಲಿ ಹತ್ತಿ ಮಿಲ್ಲಿನ ಗೋಡೆಯ ಮೇಲೆ ಒಂದು ಭಿತ್ತಿಪತ್ರ ಬಂತು. ಡೀಲಿಯಾ ಸ್ಯಾಟಿನ್ ಸ್ವತಃ ಬಂದು ಹಾಡುತ್ತಾಳೆ ಎಂದಿತ್ತು. ಚಿತ್ರದಲ್ಲಿ ಮೂವತ್ತೈದರ ಒಬ್ಬ ಹೆಂಗಸು, ತಲೆಯ ಮೇಲೆ ಕೆಂಪು ಟೋಪನ್ನು, ಮೈಮೇಲೆ ಹೊಳೆಯುವ ಬಟ್ಟೆ. ಹೆಸರಿಗೆ ಮುಖವಿರಲಿಲ್ಲವಲ್ಲ, ಯಾರೋ ದಲ್ಲಾಳಿ ತನಗೆ ಸಿಕ್ಕ ಮುಖವೊಂದನ್ನು ಅದಕ್ಕೆ ಅಂಟಿಸಿದ್ದ.

ಆ ಹೆಂಗಸು ಬಂದು ಹಾಡಿಹೋದ ಮರುವಾರ ನಾನು ಕಾಗದ ಕೊಡಲು ಹೋದಾಗ ಓಝೆಲ್ಲಾ ಜಗಲಿಯ ಮೇಲೆ ಕೂತು ಅಲಸಂದೆ ಬಿಡಿಸುತ್ತಿದ್ದಳು. ಕೂತ್ಕೋ ಎಂದಳು. ಕೂತೆ. ಹವೆಯ ವಿಷಯ ಆಯಿತು, ನನ್ನ ಮಂಡಿಯ ವಿಷಯ ಆಯಿತು. ಆಮೇಲೆ ಕಾಳಿನ ಮೇಲೇ ಕಣ್ಣಿಟ್ಟು ಕೇಳಿದಳು.

"ಆ ಹೆಂಗಸು ಬಂದಿದ್ಲಂತಲ್ಲ, ಹೇಗೆ ಹಾಡಿದ್ಲಂತೆ?"

"ನಾನು ಹೋಗಿರ್ಲಿಲ್ಲ ಅಕ್ಕ."

"ನೀನು ಹೋಗಿದ್ದೆ ಅಂತ ಯಾರಪ್ಪ ಅಂದ್ರು? ಹೋದವರು ಏನಂದ್ರು ಅಂತ ಕೇಳ್ದೆ."

"ಹೋದವರು ಪರವಾಗಿಲ್ಲ ಅಂದ್ರು. ಹಾಡು ಬರುತ್ತೆ. ಮೊದಲಲ್ಲಿ ಆ ನರಳೋದು ಮಾತ್ರ ಬರಲ್ವಂತೆ. ಸೀನು ಬಂದು ಬಾರದೆ ನಿಂತ ಹಾಗಿರುತ್ತಂತೆ."

"ಪಾಪ," ಎಂದಳು. ಅಷ್ಟು ಸಂತೋಷದಿಂದ ಯಾರಾದರೂ ಪಾಪ ಎಂದದ್ದನ್ನು ನಾನು ಕೇಳಿರಲಿಲ್ಲ. "ಹೋದವರು ಹತ್ತಿರದಲ್ಲೇ ಕೂತಿದ್ರೇನೋ?"

"ಎರಡನೇ ಸಾಲು," ಎಂದುಬಿಟ್ಟೆ.

ಅವಳು ನಗಲಿಲ್ಲ. ಬುಟ್ಟಿ ಪಕ್ಕಕ್ಕಿಟ್ಟಳು. "ಅಲೋಂಜೊ, ಒಬ್ಬಳಿಗೆ ಎಂಟು ಮಕ್ಕಳಿದ್ವು ಅಂತಿಟ್ಕೋ. ನನ್ನವು ಅಂತ ಹೇಳ್ಕೊಳ್ಳೋಕಾಗ್ದೆ ಬಿಟ್ಟಿದ್ಲು. ಈಗ ಇನ್ನೊಬ್ಬಳು ಎತ್ಕೊಂಡು ಊರೂರು ತಿರುಗ್ತಾಳೆ. ನನ್ನವು ಅಂದ್ರೆ ಇದ್ದ ಮನೆ ಹೋಗುತ್ತೆ. ಅನ್ನದೆ ಇದ್ರೆ ಮಕ್ಕಳು ಹೋಗ್ತಾವೆ. ಅವಳು ಏನ್ ಮಾಡ್ಬೇಕು?"

"ಯಾರಕ್ಕ ಅವಳು?"

"ಯಾರೋ ಒಬ್ಬಳು ಬಿಡು," ಎಂದು ಮತ್ತೆ ಬುಟ್ಟಿ ಎತ್ತಿಕೊಂಡಳು.

ಕರ್ತನ ಮೇಲೆ ಭಾರ ಹಾಕಿ ಸೈಕಲ್ಲು ಹತ್ತಿದೆ. ಕರ್ತನು ಭಾರ ಹೊರುತ್ತಾನೆ, ಆದರೆ ಯಾವ ದಾರಿಯಲ್ಲಿ ತಂದು ಇಳಿಸುತ್ತಾನೆಂದು ಮೊದಲೇ ಹೇಳುವುದಿಲ್ಲ.

ಮುಂದಿನ ವರ್ಷ ಆಗಸ್ಟಿನಲ್ಲಿ, ತಣ್ಣಗಾದ ಭಕ್ತಿಗೆ ಬಿಸಿ ಮುಟ್ಟಿಸಲು ವಾರವಿಡೀ ನಡೆಯುವ ಉಜ್ಜೀವನ ಕೂಟಗಳ ಕೊನೆಯ ಭಾನುವಾರ, ನಮ್ಮ ಪಾದ್ರಿ ಕೈಚಾಚಿ ಸಭೆಯ ಬಾಗಿಲು ತೆರೆದಿದೆ, ಬರುವವರು ಬರಲಿ ಎಂದರು. ಪಾದ್ರಿ ಲವೆಲ್ ಸ್ಟೋಕ್ಸ್ ಚಿಕಾಗೋದಿಂದ ಬಂದು ನಾಲ್ಕೇ ತಿಂಗಳಾಗಿತ್ತು. ಬಿಸಿರಕ್ತದ ಒಳ್ಳೆಯ ಮನುಷ್ಯ. ನಮಗೆ ಗೊತ್ತಿಲ್ಲದ ಸಂಗತಿಗಳನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹಿಂದಿನ ಬೆಂಚಿನಿಂದ ಹೆಂಗಸೊಬ್ಬಳು ಅಳುತ್ತ ಎದ್ದು ಬಂದಳು. ಟೋಪನ್ನಿರಲಿಲ್ಲ, ಹೊಳೆಯುವ ಬಟ್ಟೆಯೂ ಇರಲಿಲ್ಲ. ಆದರೂ ನನಗೆ ಗುರುತು ಹತ್ತಿತು, ಎರಡನೆಯ ಸಾಲಿನವನಲ್ಲವೇ ನಾನು. ಮುಂದಿನ ಕುರ್ಚಿಯಲ್ಲಿ ಕೂತು ತನ್ನ ನಿಜವಾದ ಹೆಸರು ಅರ್ಲೀನ್ ಬೋಗನ್ ಎಂದಳು. ಲೋಕಕ್ಕೆ ತಾನು ಡೀಲಿಯಾ ಸ್ಯಾಟಿನ್, ಆ ಹಾಡುಗಳಿಂದ ಎಷ್ಟೋ ಮನೆ ಮುರಿದೆ, ದೇವರು ಕ್ಷಮಿಸಲಿ ಎಂದಳು.

ಅವಳ ಕಣ್ಣೀರು ನಿಜ. ಅದರ ಮೇಲೆ ನಾನು ಒಂದು ಮಾತೂ ಆಡುವುದಿಲ್ಲ. ಎರಡು ವರ್ಷ ಆ ಹೆಸರಿಗೆ ಓಗೊಟ್ಟು ಓಗೊಟ್ಟು ಅದು ತನ್ನದೇ ಎಂದು ನಂಬಿಬಿಟ್ಟಿದ್ದಳು. ಹೀಗೆ ತಾನು ಮಾಡದ ಪಾಪವನ್ನೆಲ್ಲ ಒಪ್ಪಿಕೊಂಡಳು, ಮಾಡಿದ ಒಂದೇ ಒಂದನ್ನು ಮರೆತಳು.

ಪಾದ್ರಿ ಹರ್ಷದಿಂದ ನಡುಗುತ್ತಿದ್ದರು. ಪದ್ಧತಿಯಂತೆ, ಇವಳನ್ನು ಸಭೆಗೆ ಸೇರಿಸಿಕೊಳ್ಳಲು ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಿದರು. ಇವಳು ಡೀಲಿಯಾ ಅಲ್ಲ ಎನ್ನಬೇಕಾದರೆ ಡೀಲಿಯಾ ಯಾರೆಂದು ಹೇಳಬೇಕು. ಎಲ್ಲರೂ ಜೋರಾಗಿ ಬೀಸಣಿಗೆ ಬೀಸಿಕೊಂಡರು. ನಾನು ಹಾಡುವವರ ಮೇಳದ ಕಡೆ ನೋಡಿದೆ. ಓಝೆಲ್ಲಾ ನಡುಸಾಲಿನಲ್ಲಿ ನೇರವಾಗಿ ನಿಂತಿದ್ದಳು, ತನ್ನ ಮನೆಗೆ ಬೆಂಕಿ ಬಿದ್ದದ್ದನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಿರುವವಳ ಹಾಗೆ. ಆಮೇಲೆ ಎಲ್ಲರೂ ಸಾಲಾಗಿ ಹೋಗಿ ಸಭೆಗೆ ಸೇರಿಸಿಕೊಂಡ ಗುರುತಾಗಿ ಹೊಸಬಳಿಗೆ ಬಲಗೈ ಕೊಟ್ಟೆವು. ಓಝೆಲ್ಲಾಳೂ ಕೊಟ್ಟಳು.

ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಪಾದ್ರಿ ಇನ್ನೊಂದು ಮಾತು ಸೇರಿಸಿದರು. ಯಾರ ಮನೆಯಲ್ಲಿ ಆ ಹೆಂಗಸಿನ ಹಳೆಯ ರೆಕಾರ್ಡುಗಳಿವೆಯೋ ಅವನ್ನು ಮುಂದಿನ ಭಾನುವಾರ ತನ್ನಿ, ಅವಳ ಕೈಯಿಂದಲೇ ಪೀಠದ ಮುಂದೆ ಒಡೆಸೋಣ ಎಂದರು. ನಾಚಿಕೆಯಾಗುವವರು ಕಾಗದದ ಚೀಲದಲ್ಲಿ ಸುತ್ತಿ ತರಬಹುದು, ಯಾರೂ ನೋಡುವುದಿಲ್ಲ.

ಆ ವಾರ ಊರಿನ ಅಂಗಡಿಯಲ್ಲಿ ಕಾಗದದ ಚೀಲ ಮುಗಿದುಹೋಯಿತು.

ಭಾನುವಾರ ಬಾಗಿಲಲ್ಲಿ ಚೀಲ ಇಸಿದುಕೊಳ್ಳುವವನು ನಾನೇ. ಒಬ್ಬೊಬ್ಬರೂ ಮುಖ ಪಕ್ಕಕ್ಕೆ ತಿರುಗಿಸಿ ಕೈಗೆ ತುರುಕಿ ಒಳಗೆ ಹೋದರು. ಐಡೆಲ್ಲಾ ಕೂಡ ಒಂದು ಕೊಟ್ಟಳು, ಅಪರಿಚಿತನಿಗೆ ಕೊಟ್ಟ ಹಾಗೆ. ನಲವತ್ತಕ್ಕೂ ಮೀರಿದವು. ಪೀಠದ ಮುಂದಿನ ಮೇಜಿನ ಮೇಲೆ ಸಾಗಿಸಿ ಸಾಗಿಸಿ ಒಟ್ಟಿದೆ. ರಾಶಿ ಏರಿದಂತೆ ಮೇಳದಲ್ಲಿ ಓಝೆಲ್ಲಾಳ ಮುಖ ಇಳಿಯುತ್ತ ಹೋಯಿತು. ತನ್ನ ಕಂಠವನ್ನು ಅಷ್ಟು ಮನೆಗಳು ಇಟ್ಟುಕೊಂಡಿದ್ದವೆಂದು ಅವಳಿಗೆ ತಿಳಿದದ್ದು ಆ ದಿನವೇ. ಅಷ್ಟೂ ಮನೆಗಳು ಒಂದೇ ಮಾತಿಗೆ ಅದನ್ನು ತಂದು ಒಪ್ಪಿಸಿದವೆಂದು ತಿಳಿದದ್ದೂ ಆ ದಿನವೇ.

ಕೊನೆಯ ಚೀಲದ ತಳ ಹರಿದು ರೆಕಾರ್ಡು ನನ್ನ ಕೈಗೆ ಬಂತು. ನೋಡಬಾರದಿತ್ತು, ನೋಡಿದೆ. ಅದು ಪಾದ್ರಿ ಬಂದ ಹೊಸದರಲ್ಲಿ ಮನೆಮನೆಗೆ ಹಂಚಿದ್ದ ಅವರದೇ ಉಪದೇಶದ ರೆಕಾರ್ಡು. ಇನ್ನೊಂದು ಚೀಲದ ಬಾಯಿ ಸರಿಸಿದೆ, ಅದರಲ್ಲೂ ಅದೇ. ಮತ್ತೊಂದರಲ್ಲಿ ಟೈಪು ಕಲಿಸುವ ಪಾಠ. ಆಗ ನನಗೆ ಅರ್ಥವಾಯಿತು. ಬೇರೆಯವರೆಲ್ಲ ನಿಜವಾದದ್ದನ್ನು ತಂದಿರುತ್ತಾರೆ, ನಮ್ಮದೊಂದು ಉಳಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಇಡೀ ಸಭೆ ಬೇರೆಬೇರೆಯಾಗಿ ಒಂದೇ ಯೋಚನೆ ಮಾಡಿತ್ತು.

ಓಝೆಲ್ಲಾಳಿಗೆ ಹೇಗೆ ತಿಳಿಸಲಿ? ಆರಾಧನೆ ನಡೆಯುವಾಗ ಬಾಗಿಲು ಕಾಯುವವರು ಮಾತಾಡುವ ಹಾಗಿಲ್ಲ, ಎಲ್ಲ ಕೈಸನ್ನೆ. ನಾಲ್ಕು ಜನ ಹಿಡಿಸುವ ಜಾಗ ಇದೆ ಎಂಬುದಕ್ಕೆ ಸನ್ನೆ ಉಂಟು, ಮೂರ್ಛೆ ಹೋದವರಿಗೆ ನೀರು ತನ್ನಿ ಎಂಬುದಕ್ಕೆ ಉಂಟು. ನಿನ್ನನ್ನು ಯಾರೂ ಬಿಟ್ಟುಕೊಟ್ಟಿಲ್ಲ ಎಂಬುದಕ್ಕೆ ನಮ್ಮಲ್ಲಿ ಸನ್ನೆ ಮಾಡಿಟ್ಟಿರಲಿಲ್ಲ. ನಾನು ಎರಡೂ ಕೈ ಆಡಿಸಿದೆ. ಅವಳು ನೀರು ಬೇಕೇನೋ ಎಂದು ನನ್ನನ್ನೇ ನೋಡಿದಳು.

ಪಾದ್ರಿ ಒಂದು ಸುತ್ತಿಗೆ ತೆಗೆದು ಅರ್ಲೀನಳ ಕೈಗೆ ಕೊಟ್ಟರು. ಆಗ ಓಝೆಲ್ಲಾ ಮೇಳದಿಂದ ಇಳಿದು ಬಂದಳು. ಅವಸರವೇನೂ ಇರಲಿಲ್ಲ. ಅರ್ಲೀನಳ ಕೈಯಿಂದ ಸುತ್ತಿಗೆ ಇಸಿದುಕೊಂಡಳು.

"ಅಯ್ಯನವರೇ, ಇದನ್ನ ಈ ಹುಡುಗಿ ಕೈಲಿ ಒಡೆಸ್ಬೇಡಿ. ಹೆತ್ತವಳು ನಾನು. ಒಡೀಲೇಬೇಕು ಅಂದ್ರೆ ನಾನೇ ಒಡೀತೀನಿ."

ಪಾದ್ರಿಗೆ ತಿಳಿಯಲಿಲ್ಲ. ಏನಮ್ಮ ಎಂದರು.

"ಡೀಲಿಯಾ ಸ್ಯಾಟಿನ್ ನಾನು."

ಸಭೆಯೆಲ್ಲ ಬೆಚ್ಚಿಬಿತ್ತು. ಚೆನ್ನಾಗಿಯೇ ಬೆಚ್ಚಿತು, ಹದಿನಾರು ವರ್ಷ ಅಭ್ಯಾಸಕ್ಕೆ ಸಿಕ್ಕಿತ್ತಲ್ಲ. ಹೋಸಿಯಾ ಕ್ರಂಪ್ ಎದೆ ಹಿಡಿದುಕೊಂಡ. ಐಡೆಲ್ಲಾ ಬಾಯಿಗೆ ಕರವಸ್ತ್ರ ಒತ್ತಿದಳು. ಕ್ಲಿಯೋಥಾ ಮಾತ್ರ ನಟಿಸಲಿಲ್ಲ, ಒಮ್ಮೆ ಕೆಮ್ಮಿದ.

ಅರ್ಲೀನ್ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೇರೆ ಯಾರಾದರೂ ಓಡಿಹೋಗುತ್ತಿದ್ದರು. ಅವಳು ಮೆಲ್ಲಗೆ, "ಹಾಗಾದ್ರೆ ಮೊದಲಲ್ಲಿ ಬರುತ್ತಲ್ಲ ಆ ನರಳೋದು, ಅದು ಎಲ್ಲಿಂದ ತೆಗೀತೀರಿ ದೊಡ್ಡಮ್ಮ? ಎರಡು ವರ್ಷದಿಂದ ಹುಡುಕ್ತಾ ಇದೀನಿ," ಎಂದಳು.

"ಆಮೇಲೆ ಹೇಳ್ತೀನಿ, ತಾಳು," ಎಂದು ಓಝೆಲ್ಲಾ ಮೊದಲ ಚೀಲ ಹರಿದಳು. ಪಾದ್ರಿಯ ಉಪದೇಶ ಬಂತು. ಎರಡನೆಯದರಲ್ಲೂ ಪಾದ್ರಿಯ ಉಪದೇಶ. ಮೂರನೆಯದರಲ್ಲಿ ಕಾಡುಹಕ್ಕಿಗಳ ಕೂಗು. ನಾಲ್ಕನೆಯದು ಮತ್ತೆ ಉಪದೇಶ. ಒಂದೊಂದನ್ನೂ ಪಾದ್ರಿಗೆ ತೋರಿಸಿ ಮೇಜಿನ ಮೇಲಿಟ್ಟಳು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಅವಳು ಸಭೆಯ ಕಡೆ ತಿರುಗಿದಾಗ ನಾವೆಲ್ಲರೂ ನಮ್ಮ ನಮ್ಮ ಬೂಟು ನೋಡಿಕೊಂಡೆವು.

"ಎಲ್ಲರೂ ಮಹಾ ಕಳ್ಳರು ಕಣ್ರೋ," ಎಂದಳು. ನಮ್ಮ ಚರ್ಚಿನಲ್ಲಿ ಯಾರೂ ಯಾರಿಗೂ ಅದಕ್ಕಿಂತ ದೊಡ್ಡ ಆಶೀರ್ವಾದ ಮಾಡಿಲ್ಲ.

ಪಾದ್ರಿ ಬೆವರೊರೆಸಿಕೊಂಡು ನಿಯಮದ ಪುಸ್ತಕ ತೆರೆದರು. ಅದೊಂದೇ ಅವರಿಗೆ ಉಳಿದಿದ್ದ ಆಸರೆ. ಲೋಕದ ಹಾಡು ಹಾಡಿದವರನ್ನು ಮೂರು ತಿಂಗಳು ಕೂರಿಸಬೇಕು, ಯಾರು ಸೂಚಿಸುತ್ತೀರಿ ಎಂದರು. ಯಾರೂ ಏಳಲಿಲ್ಲ. ಮತ್ತೆ ಕೇಳಿದರು. ಕೊನೆಗೆ ಓಝೆಲ್ಲಾಳೇ, ಹೊತ್ತಾಗುತ್ತಿದೆ, ಒಲೆಯ ಮೇಲೆ ಕೋಳಿ ಇಟ್ಟು ಬಂದಿದ್ದೇನೆ, ನಾನೇ ಸೂಚಿಸುತ್ತೇನೆ ಎಂದಳು. ಅನುಮೋದಿಸುವುದೆಂದರೆ ಉಪಕಾರವೆಂದು ತಿಳಿದ ಅರ್ಲೀನ್ ಸಂತೋಷದಿಂದ ಕೈ ಎತ್ತಿದಳು. ಒಪ್ಪುವವರು ಎಂದಾಗ ಯಾರೂ ದನಿ ಎತ್ತಲಿಲ್ಲ. ವಿರೋಧಿಸುವವರು ಎಂದಾಗಲೂ ಎತ್ತಲಿಲ್ಲ, ಲೋಕದ ಹಾಡಿನ ಪರ ನಿಂತವರು ಯಾರೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರಲ್ಲ. ಆದದ್ದರಿಂದ ಇಬ್ಬರ ಮಾತೇ ಸಭೆಯ ಮಾತಾಯಿತು.

ಸುಳ್ಳು ಹೆಸರು ಹೇಳಿಕೊಂಡವರಿಗೆ ಏನು ಮಾಡಬೇಕೆಂದು ಪುಸ್ತಕದಲ್ಲಿ ಇರಲಿಲ್ಲ. ಹುಡುಕಿದರು, ಸಿಗಲಿಲ್ಲ. ಹಾಡಿದವಳು ಬೆಂಚಿಗೆ ಹೋದಳು, ಮೇಳದಲ್ಲಿ ಖಾಲಿಯಾದ ಜಾಗಕ್ಕೆ ಅರ್ಲೀನ್ ಹೋದಳು. ಆ ಮೂರು ತಿಂಗಳು ಹೋಸಿಯಾ ಕ್ರಂಪ್ ಕೀರ್ತನೆ ಎತ್ತಿದ, ಕೆಸರಿನಿಂದ ಹೇಸರಗತ್ತೆ ಎಳೆದ ಹಾಗೆ. ದೇವರು ಅದನ್ನೂ ಕೇಳಿಸಿಕೊಂಡ. ಅವನ ತಾಳ್ಮೆ ದೊಡ್ಡದು. ವಾರದ ದಿನಗಳಲ್ಲಿ ಮಾತ್ರ ಬೀಸನ್ನಿನ ಕಿಟಕಿಗಳು ತೆರೆದುಕೊಂಡವು, ಇಸ್ತ್ರಿ ಮಾಡುವವರು ರೆಕಾರ್ಡಿನ ದನಿ ತಗ್ಗಿಸುವುದನ್ನು ಬಿಟ್ಟರು. ನಾನು ಕಾಗದ ಹಂಚುತ್ತ ಒಂದು ಮನೆಯಲ್ಲಿ ಮೊದಲ ಸಾಲು ಕೇಳಿದರೆ ನಾಲ್ಕನೆಯ ಮನೆಯಲ್ಲಿ ಮುಕ್ತಾಯ ಕೇಳುತ್ತಿದ್ದೆ.

ಅವಳು ಬೆಂಚಿಗೆ ಕೂತ ಮೊದಲ ಭಾನುವಾರದ್ದೊಂದು ಹೇಳುವುದಿದೆ. ಮುಂದಿನ ಬೆಂಚು ನಮ್ಮಲ್ಲಿ ಬಿಳಿ ಉಡುವ ಹಿರಿಯ ತಾಯಂದಿರದು. ಓಝೆಲ್ಲಾಳಿಗೆ ಜಾಗ ಸಿಕ್ಕಿದ್ದು ಎಂಬತ್ತೆಂಟರ ತಾಯಿ ಪೆಟ್ಟಿಸ್ ಪಕ್ಕದಲ್ಲಿ. ನಾನು ಒಂದು ಮಾರು ದೂರದಲ್ಲಿ ನಿಂತಿದ್ದೆ. ಪಾದ್ರಿ ಪ್ರಾರ್ಥನೆಗೆ ತಲೆ ಬಾಗಿಸಿದೊಡನೆ ತಾಯಿ ಪೆಟ್ಟಿಸ್ ಪಕ್ಕಕ್ಕೆ ವಾಲಿದರು. ಕಿವಿ ಮಂದವಾದವರ ಪಿಸುಮಾತು ಮೂರು ಬೆಂಚಿಗೆ ಕೇಳುತ್ತದೆ.

"ಓಝೆಲ್ಲಾ, ಆ ಶುಕ್ರವಾರದವನು ಯಾರೇ?"

"ಯಾರೂ ಇಲ್ಲಮ್ಮ."

"ನನ್ನ ಹತ್ರ ಮುಚ್ಚಿಡಬೇಡ. ಇನ್ನೆಷ್ಟು ದಿನ ಇರ್ತೀನಿ, ಯಾರಿಗೆ ಹೇಳ್ಲಿ?"

"ಆಣೆ ಇಡಬಾರದು, ಇಲ್ದಿದ್ರೆ ಇಡ್ತಿದ್ದೆ. ಟೈರ್ ಅಂಗಡಿಯವನು ಬರಕೊಟ್ಟ, ನಾನು ಹಾಡ್ದೆ. ಶುಕ್ರವಾರ ಶಾಲೆ ಪಾತ್ರೆ ತಿಕ್ಕಿ ಬಂದು ಬಿಸಿನೀರಲ್ಲಿ ಕಾಲಿಟ್ಕೊಂಡು ಕೂರ್ತಿದ್ದೆ. ಎದುರಿಗೆ ಕ್ಲಿಯೋಥಾ ಪೈ ತಿನ್ಕೊಂಡು ಕೂತಿರೋನು. ಅಷ್ಟೇ."

ತಾಯಿ ಪೆಟ್ಟಿಸ್ ಅವಳ ಕಡೆಗೆ ಪೂರ್ತಿ ತಿರುಗಿದರು. ಮನೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಬಂದವರ ಮುಖ.

"ಹದಿನಾರು ವರ್ಷ ಕಣೇ," ಎಂದರು. "ಶುಕ್ರವಾರ ಶುಕ್ರವಾರ ಉಪವಾಸ ಇದ್ದು ನಿನಗೋಸ್ಕರ ಮೊಣಕಾಲೂರಿದೀನಿ. ಕ್ರಂಪ್ ಮನೆ ಅಂಗಳದಲ್ಲಿ ಮೀನು ಕರೀತಿದ್ರೆ ವಾಸನೆ ಬರಬಾರದು ಅಂತ ಕಿಟಕಿ ಹಾಕ್ಕೊಂಡಿದೀನಿ. ಯಾರೂ ಇರ್ಲೇ ಇಲ್ವಾ?"

"ಅದಕ್ಕೇ ಇರಬೇಕಮ್ಮ, ಯಾರೂ ಬರ್ಲಿಲ್ಲ."

ತಾಯಿ ಪೆಟ್ಟಿಸ್ ಅದನ್ನು ಎರಡೂ ಕಡೆಯಿಂದ ತಿರುಗಿಸಿ ನೋಡಿದರು. ನಿಧಾನಕ್ಕೆ ಮುಖ ತಿಳಿಯಾಯಿತು. ಪಾದ್ರಿ ಆಮೆನ್ ಎನ್ನುವ ಮೊದಲೇ ಅವರು ಆಮೆನ್ ಎಂದರು.

ಮುಂದಿನ ಶುಕ್ರವಾರ ನಾನು ಕ್ರಂಪ್ ಮನೆಯ ಮುಂದೆ ಹಾದುಹೋಗುವಾಗ ತಾಯಿ ಪೆಟ್ಟಿಸ್ ಅಂಗಳದ ಬೆಂಚಿನ ಮೇಲೆ ಕೂತಿದ್ದರು. ಮುಂದೆ ಎರಡು ತಟ್ಟೆ ಮೀನು, ಎರಡೂ ಅವರದೇ. ಮುಳ್ಳು ಬಿಡಿಸುತ್ತ, ಇನ್ನೊಂದು ಬಿಸಿಯದು ತಾರಯ್ಯ ಎಂದು ಹೋಸಿಯಾನನ್ನು ಕೂಗುತ್ತಿದ್ದರು.